ತಂಗಿ ಬರೀ ಬೂದು ಬಟ್ಟೆ ಹಾಕುತ್ತಾಳೆ ಅಂದಿದ್ದಕ್ಕೆ

ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವ ತಂಗಿ ಈಗ ಬರೀ ಬೂದು, ಕಪ್ಪು ಬಟ್ಟೆ ಹಾಕುತ್ತಾಳೆ, ಕಾಯಿಲೆ ಜಾಸ್ತಿ ಆಗಿದೆಯಾ, ಕೋಣೆಗೆ ಹಳದಿ ಬಣ್ಣ ಹೊಡೆಸಲಾ ಅಂತ ಕೇಳಿದ್ದೀರಿ. ಬಟ್ಟೆಯ ಬಣ್ಣ ಒಂದನ್ನೇ ನೋಡಿ ಹಾಗೆ ಹೇಳಲು ಆಗುವುದಿಲ್ಲ.

2010ರಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು 38 ಬಣ್ಣಗಳ ಚಕ್ರ ಮಾಡಿ ಜನರ ಮುಂದಿಟ್ಟರು. ಮನಸ್ಸು ಈಗ ಯಾವ ಬಣ್ಣದಲ್ಲಿದೆ ಅಂದಾಗ ಖಿನ್ನತೆ, ಆತಂಕ ಇದ್ದ ತುಂಬ ಜನ ಬೂದು ತೋರಿಸಿದರು. ಆರೋಗ್ಯವಾಗಿದ್ದವರಲ್ಲಿ ಹಳದಿ ಮುಂದಿತ್ತು. ಇಷ್ಟದ ಬಣ್ಣ ಯಾವುದು ಅಂದರೆ ಮಾತ್ರ ಎಲ್ಲ ಗುಂಪಿನಲ್ಲೂ ನೀಲಿ! ಮನಸ್ಸಿನ ಬಣ್ಣ ಬೇರೆ, ಇಷ್ಟದ ಬಣ್ಣ ಬೇರೆ ಅಲ್ವಾ?

ಅದೇ ವರ್ಷ ಜರ್ಮನಿಯ ಫ್ರೈಬರ್ಗ್‌ನಲ್ಲಿ ಖಿನ್ನತೆ ಇದ್ದವರ ರೆಟಿನಾ, ಅಂದರೆ ಕಣ್ಣಿನ ಒಳಗೆ ಬೆಳಕು ಗ್ರಹಿಸುವ ಪರದೆ, ಪರೀಕ್ಷಿಸಿದರು. ಕಪ್ಪು ಬಿಳುಪಿನ ವ್ಯತ್ಯಾಸಕ್ಕೆ ಅದು ಕಡಿಮೆ ಸ್ಪಂದಿಸುತ್ತಿತ್ತು. ಹಾಗಾಗಿ ಎಲ್ಲ ಮಂಕಾಗಿ ಕಾಣುತ್ತೆ ಅಂತ ಅವಳು ಹೇಳಿದರೆ ಸುಮ್ನೆ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ.

ನನಗೆ ಆತಂಕ ಜೋರಾಗಿದ್ದಾಗ ಬೀರು ತೆರೆದು ಹತ್ತು ನಿಮಿಷ ನಿಂತುಬಿಡುತ್ತಿದ್ದೆ. ಕೊನೆಗೆ ಕೈ ಹೋಗುತ್ತಿದ್ದದ್ದು ತೋಳು ಸವೆದ ಅದೇ ಬೂದು ಅಂಗಿಗೆ. ಆರಿಸುವ ಶಕ್ತಿಯೇ ಇರುತ್ತಿರಲಿಲ್ಲ, ಅಷ್ಟೇ.

ಅವಳ ನಿದ್ದೆ, ಊಟ, ಮಾತು ಗಮನಿಸಿ. ಅವು ಕೆಡುತ್ತಿದ್ದರೆ ವೈದ್ಯರಿಗೆ ತಿಳಿಸಿ. ಬದುಕೇ ಬೇಡ ಅನ್ನುವಂಥ ಮಾತು ಬಂದರೆ ಒಬ್ಬಳನ್ನೇ ಬಿಡಬೇಡಿ, ಆ ಕ್ಷಣವೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಗೋಡೆಗೆ ಹಳದಿ ಬಳಿದರೆ ಖಿನ್ನತೆ ವಾಸಿಯಾಗುವುದಿಲ್ಲ. ಬಣ್ಣ ಬದಲಿಸಲೇಬೇಕು ಅನಿಸಿದರೆ ಮೊದಲು ಅವಳನ್ನು ಕೇಳಿ, ಆ ಕೋಣೆಯಲ್ಲಿ ಮಲಗುವವಳು ಅವಳು.