ಹಳೇ ಸೋಫಾ, ಹಳೇ ಸ್ಕೂಟರ್: ಆನ್‌ಲೈನ್‌ನಲ್ಲಿ ಮಾರುವವರ ಪ್ರಶ್ನೆಗಳಿಗೆ ಉತ್ತರ

ಓಎಲ್‌ಎಕ್ಸ್, ಕ್ವಿಕರ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಅಪಾರ್ಟ್‌ಮೆಂಟ್‌ನ ವಾಟ್ಸ್‌ಆ್ಯಪ್ ಗುಂಪು. ಮನೆಯ ಹಳೇ ಸಾಮಾನು ಮಾರಲು ಈಗ ದಾರಿಗಳು ಬೇಕಾದಷ್ಟಿವೆ. ತಲೆನೋವುಗಳೂ ಇವೆ. ಈ ಬಗ್ಗೆ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹಳೇ ಸೋಫಾ ಸೆಟ್ಟನ್ನು 9,000 ರೂಪಾಯಿಗೆ ಮಾರಲು ಹಾಕಿದ್ದೆ. ಸ್ವಲ್ಪ ಹೊತ್ತಿಗೇ ಒಬ್ಬರು ಫೋನ್ ಮಾಡಿದರು. ಮಿಲಿಟರಿಯಲ್ಲಿದ್ದಾರಂತೆ, ಮೈಸೂರಿಗೆ ವರ್ಗವಾಗಿದೆಯಂತೆ. ಚೌಕಾಸಿಯನ್ನೂ ಮಾಡಲಿಲ್ಲ. ಮೊದಲು 5 ರೂಪಾಯಿ ಹಾಕಿದರು, ಬಂತು. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಎಂದರು. 9,000 ಹೋಯಿತು. "ಏನೋ ತಪ್ಪಾಯ್ತು, ಇನ್ನೊಮ್ಮೆ ಮಾಡಿ, ಎರಡೂ ಸೇರಿ ವಾಪಸ್ ಬರುತ್ತೆ" ಎಂದರು. ಇನ್ನೊಂದು 9,000 ಹೋಯಿತು. ನನ್ನ ದುಡ್ಡು ಸಿಗುತ್ತದಾ?
(ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಮೇಡಂ, 1930ಕ್ಕೆ ಫೋನ್ ಮಾಡಿದ್ದೀರಾ? ಇಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಆ ಕೆಲಸ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ. ವಂಚಕರ ಖಾತೆಗೆ ಹೋದ ದುಡ್ಡು ಅಲ್ಲೇ ಕೂತಿರುವುದಿಲ್ಲ. ಅಲ್ಲಿಂದ ಇನ್ನೊಂದು ಖಾತೆ, ಮತ್ತೊಂದು ಖಾತೆ, ಕೊನೆಗೆ ಯಾವುದೋ ಎಟಿಎಂ. ಅಷ್ಟರೊಳಗೆ ದೂರು ಹೋದರೆ ದುಡ್ಡು ಇರುವ ಖಾತೆಯಲ್ಲೇ ಅದನ್ನು ತಡೆಹಿಡಿಯುವ ವ್ಯವಸ್ಥೆ ಇದೆ. ಆಮೇಲೆ ನಿಮ್ಮ ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ವ್ಯವಹಾರದ ಸಂಖ್ಯೆ, ಆತನ ಫೋನ್ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.

ಸಿಗುತ್ತದಾ ಎಂದರೆ, ಬೇಗ ದೂರು ಕೊಟ್ಟವರಿಗೆ ಆಸೆ ಇದೆ, ತಡವಾದಷ್ಟೂ ಅದು ಕಡಿಮೆಯಾಗುತ್ತದೆ. ಬ್ಯಾಂಕು ತುಂಬಿಕೊಡುತ್ತದೆ ಎಂದು ಮಾತ್ರ ಕಾಯಬೇಡಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ಗ್ರಾಹಕರಿಗೆ ರಕ್ಷಣೆ ಇದೆ. ಆದರೆ ಗ್ರಾಹಕರದ್ದೇ ಅಜಾಗ್ರತೆ ಇದ್ದರೆ, ದೂರು ಕೊಡುವವರೆಗಿನ ನಷ್ಟ ಗ್ರಾಹಕರ ತಲೆಗೇ ಬರುತ್ತದೆ. ಪಿನ್ ಹಾಕಿದ್ದು ನೀವೇ ಎಂಬ ಮಾತನ್ನು ಬ್ಯಾಂಕು ಎತ್ತಿಯೇ ಎತ್ತುತ್ತದೆ. ದೂರು ಕೊಟ್ಟ ಮೇಲೂ ದುಡ್ಡು ಹೋದರೆ ಮಾತ್ರ ಹೊಣೆ ಬ್ಯಾಂಕಿನದು.

ಈಗ ಮೋಸ ಹೇಗಾಯಿತು ಎಂಬುದು. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಬ್ಯಾಲೆನ್ಸ್ ನೋಡುವುದನ್ನು ಬಿಟ್ಟರೆ, ನಮ್ಮ ಫೋನಿನಲ್ಲಿ ಪಿನ್ ಕೇಳಿತು ಎಂದರೆ ದುಡ್ಡು ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಸ್ಕ್ಯಾನ್ ಮಾಡುವುದೂ ಕೊಡುವವರ ಕೆಲಸ. ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವವರು ನಾವು, ದುಡ್ಡು ಸೇರುವುದು ಅಂಗಡಿಯವರಿಗೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆತ ಫೋನಿನಲ್ಲಿ ಒಂದೇ ಸಮ ಮಾತಾಡುತ್ತಾ, ಅವಸರ ಮಾಡುತ್ತಾ ಇದ್ದ, ಅಲ್ವಾ? ಯೋಚನೆಗೆ ಬಿಡುವು ಕೊಡಬಾರದು ಎಂಬುದೇ ಅವರ ಲೆಕ್ಕಾಚಾರ. ಮೊದಲ 5 ರೂಪಾಯಿ ನಂಬಿಕೆ ಹುಟ್ಟಿಸಲು. ಮಿಲಿಟರಿ ಎಂದದ್ದೂ ಅದಕ್ಕೇ. ಇಂಥವರು ಸೇನೆಯ ಗುರುತಿನ ಚೀಟಿಯ ಫೋಟೋ ಕೂಡ ಕಳಿಸುತ್ತಾರೆ, ಅದು ಯಾರದ್ದೋ ಕದ್ದ ಚೀಟಿ.

ಮೋಸ ಹೋದೆ ಎಂದು ನಾಚಿಕೊಂಡು ಮನೆಯಲ್ಲಿ ಮುಚ್ಚಿಡಬೇಡಿ. 2021ರ ಫೆಬ್ರವರಿಯಲ್ಲಿ ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರ ಮಗಳೇ ಸೋಫಾ ಮಾರಲು ಹೋಗಿ ಇದೇ ರೀತಿ 34,000 ರೂಪಾಯಿ ಕಳೆದುಕೊಂಡರು. ಅವರಿಗೂ ಮೊದಲು ಸಣ್ಣ ಮೊತ್ತ ಬಂತು, ಆಮೇಲೆ ಕ್ಯೂಆರ್ ಕೋಡ್, ಅದೂ ಎರಡು ಸಲ.

2025ರ ಅಕ್ಟೋಬರ್‌ನಿಂದ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಯುಪಿಐನಲ್ಲಿ 'ಹಣ ಕೊಡಿ' ಎಂದು ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ನಿಲ್ಲಿಸಿದೆ. ಒಳ್ಳೆಯದಾಯಿತು. ಆದರೆ ಕ್ಯೂಆರ್ ಕೋಡ್ ಕಳಿಸುವವರಿಗೆ ಇದರಿಂದ ಅಡ್ಡಿಯಿಲ್ಲ. ಇನ್ನೊಂದು ಆಟವೂ ಚಾಲ್ತಿಯಲ್ಲಿದೆ. 3,000 ಹಾಕುವ ಬದಲು 30,000 ಹಾಕಿಬಿಟ್ಟೆ, ಉಳಿದದ್ದನ್ನು ವಾಪಸ್ ಕಳಿಸಿ ಎಂದು ಗೋಗರೆಯುತ್ತಾರೆ. ಬ್ಯಾಂಕಿನದೇ ಎನ್ನುವಂತೆ ಮೆಸೇಜ್ ಕೂಡ ಬಂದಿರುತ್ತದೆ, ಅದನ್ನು ಕಳಿಸಿದವರೂ ಅವರೇ. ಮೆಸೇಜು, ಸ್ಕ್ರೀನ್‌ಶಾಟು ನಂಬಬೇಡಿ. ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ, ಆಮೇಲೆ ಮಾತಾಡಿ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ 32,000 ಕೊಟ್ಟು ತಂದ ಫ್ರಿಜ್ಜು. ಚೆನ್ನಾಗಿಯೇ ಇದೆ. 20,000 ಎಂದು ಹಾಕಿದರೆ ಎಲ್ಲರೂ "ಲಾಸ್ಟ್ ಎಷ್ಟು?" ಎಂದು ಕೇಳಿ ಮಾಯವಾಗುತ್ತಾರೆ. ಒಬ್ಬರಂತೂ 6,000ಕ್ಕೆ ಕೇಳಿದರು. ಅವಮಾನ ಆಯಿತು.
(ಹುಬ್ಬಳ್ಳಿಯಿಂದ)

ಉತ್ತರ: ನೀವು ಆಗ ಎಷ್ಟು ಕೊಟ್ಟಿರಿ ಎಂಬುದು ಕೊಳ್ಳುವವರಿಗೆ ಬೇಕಾಗಿಲ್ಲ. ಅವರು ನೋಡುವುದು ಇವತ್ತು ದೀಪಾವಳಿ ಆಫರಿನಲ್ಲಿ ಹೊಸದು ಎಷ್ಟಕ್ಕೆ ಸಿಗುತ್ತದೆ ಎಂದು. ಹೊಸದಕ್ಕೆ ವಾರಂಟಿ ಇದೆ, ಕಂತು ಇದೆ, ಮನೆಗೇ ತಂದು ಇಳಿಸುತ್ತಾರೆ. ನಿಮ್ಮದನ್ನು ಕೊಂಡವರು ಟೆಂಪೋ ಮಾಡಬೇಕು, ಹೊರಲು ಇಬ್ಬರನ್ನು ಕರೆಯಬೇಕು, ನಾಳೆ ಕಂಪ್ರೆಸರ್ ಕೈಕೊಟ್ಟರೆ ತಾವೇ ರಿಪೇರಿ ಮಾಡಿಸಬೇಕು. ಇವನ್ನೆಲ್ಲ ಹೊಸದರ ಬೆಲೆಯಿಂದ ಕಳೆದು ನೋಡಿ. 20,000 ಯಾಕೆ ಬರುತ್ತಿಲ್ಲ ಎಂದು ಗೊತ್ತಾಗುತ್ತದೆ.

ಅಂಗಡಿಯಲ್ಲಿ ಎಕ್ಸ್‌ಚೇಂಜ್‌ಗೆ ಎಷ್ಟು ಕೊಡುತ್ತಾರೆ ಎಂದು ಒಮ್ಮೆ ಕೇಳಿ. ಅದು ನಿಮ್ಮ ತಳದ ಬೆಲೆ. ಅದಕ್ಕಿಂತ ಮೇಲೆ ಎಷ್ಟು ಬಂದರೂ ಲಾಭ. ನಿಮ್ಮ ಮನಸ್ಸಿನಲ್ಲಿರುವ ಬೆಲೆಗೆ ಒಂದೂವರೆ ಸಾವಿರ ಸೇರಿಸಿ ಹಾಕಿ, ಯಾಕೆಂದರೆ ಚೌಕಾಸಿ ಮಾಡದೆ ನಮ್ಮವರಿಗೆ ಸಮಾಧಾನ ಆಗುವುದಿಲ್ಲ. (ಚೌಕಾಸಿಯೇ ಮಾಡದವರ ಬಗ್ಗೆ ಎಚ್ಚರ ಬೇಕು ಎಂಬುದನ್ನು ಮೇಲಿನ ಪತ್ರದಲ್ಲೇ ನೋಡಿದಿರಿ.)

"ಲಾಸ್ಟ್ ಎಷ್ಟು?" ಎಂದು ವಸ್ತು ನೋಡದೆ ಕೇಳುವವರಿಗೆ ಬೆಲೆ ಇಳಿಸಬೇಡಿ. "ಬಂದು ನೋಡಿ, ಇಷ್ಟವಾದರೆ ಮಾತಾಡೋಣ" ಎಂದುಬಿಡಿ. ಬರುವವರು ಬರುತ್ತಾರೆ. 6,000 ಕೇಳಿದವರು ಬಹುಶಃ ವ್ಯಾಪಾರಿ, ರಿಪೇರಿ ಮಾಡಿ ಮತ್ತೆ ಮಾರುವವರು. ಅದು ಅವರ ಹೊಟ್ಟೆಪಾಡು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಊರು ಬಿಡಲು ಎರಡೇ ದಿನ ಇದ್ದರೆ ಅವರೇ ನಿಮಗೆ ಆಪದ್ಬಾಂಧವರು.

ಜಾಹೀರಾತಿನಲ್ಲಿ ಬಾಗಿಲು ತೆಗೆದು, ಒಳಗೆ ಲೈಟ್ ಉರಿಯುತ್ತಿರುವ ಫೋಟೋ ಹಾಕಿ. ಲೀಟರ್ ಎಷ್ಟು, ಮಾಡೆಲ್ ಯಾವುದು, ಬಿಲ್ ಇದೆಯಾ ಎಂದು ಬರೆಯಿರಿ. ವಿದ್ಯುತ್ ಉಳಿತಾಯ ತೋರಿಸುವ ಸ್ಟಾರ್ ಲೇಬಲ್‌ನ ಫೋಟೋ ಹಾಕುವಾಗ ಅದರ ಮೇಲಿನ ವರ್ಷವೂ ಕಾಣಲಿ. ಸ್ಟಾರ್ ಕೊಡುವ ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾರೆ, ಹಾಗಾಗಿ ಹಳೇ 5 ಸ್ಟಾರ್ ಇವತ್ತಿನ 5 ಸ್ಟಾರ್‌ಗೆ ಸಮವಲ್ಲ. ತಿಳಿದವರು ಕೇಳಿಯೇ ಕೇಳುತ್ತಾರೆ. ಗೀರು, ಒಡೆದ ಟ್ರೇ ಇದ್ದರೆ ನೀವೇ ಮೊದಲು ಹೇಳಿಬಿಡಿ. ಮನೆಗೆ ಬಂದು ಅವರೇ ಕಂಡುಹಿಡಿದರೆ ಒಂದು ಗೀರಿಗೆ ಸಾವಿರ ರೂಪಾಯಿ ಇಳಿಸಿ ಕೇಳುತ್ತಾರೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಸ್ಕೂಟರ್ ಮಾರಿದೆ. ಛಾಪಾ ಕಾಗದದಲ್ಲಿ ಡೆಲಿವರಿ ನೋಟ್ ಮಾಡಿಸಿ ಕೊಟ್ಟಿದ್ದೆ. ಈಗ ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್ ಎಂದು ದಂಡದ ನೋಟಿಸ್‌ಗಳು ನನ್ನ ಹೆಸರಿಗೇ ಬರುತ್ತಿವೆ.
(ಬೆಂಗಳೂರು, ವಿಜಯನಗರದಿಂದ)

ಉತ್ತರ: ದಂಡ ಸಣ್ಣ ಸಮಸ್ಯೆ ಸರ್. ಆ ಸ್ಕೂಟರ್ ಯಾರಿಗಾದರೂ ಗುದ್ದಿದರೆ ಏನಾಗುತ್ತದೆ ಎಂಬುದನ್ನು ಯೋಚಿಸಿ. ಮಾರಿದ ಮೇಲೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ವಿಷಯದಲ್ಲಿ ದಾಖಲೆಯಲ್ಲಿರುವ ವ್ಯಕ್ತಿಯೇ ಮಾಲೀಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಕಾರು ಮೂರ್ನಾಲ್ಕು ಕೈ ಬದಲಾಗಿತ್ತು, ಆದರೂ ಹೊಣೆ ಬಿದ್ದದ್ದು ಆರ್‌ಸಿಯಲ್ಲಿದ್ದವರ ಮೇಲೆ. ಇನ್ಶೂರೆನ್ಸ್ ಕೂಡ ಇಲ್ಲದಿದ್ದರೆ ಕೈಯಿಂದಲೇ ಕಟ್ಟಬೇಕು.

ಡೆಲಿವರಿ ನೋಟ್ ನಿಮ್ಮಿಬ್ಬರ ನಡುವಿನ ಕಾಗದ. ಆರ್‌ಟಿಒ ಕಡತಕ್ಕೆ ಅದು ತಾನಾಗಿ ಹೋಗುವುದಿಲ್ಲ. ಕಾನೂನು ಕೇಳುವುದು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೇ ಮಾರಿದ್ದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ನಮ್ಮಲ್ಲಿ ಬಹಳ ಜನ ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟು, "ನೀವೇ ಮಾಡಿಸಿಕೊಳ್ಳಿ" ಎನ್ನುತ್ತಾರೆ. ಆ ಖಾಲಿ ಫಾರಂ ಹಿಡಿದು ಗಾಡಿ ಊರೆಲ್ಲ ತಿರುಗುತ್ತದೆ.

ನೀವು ಈಗ ಕೊಂಡವರನ್ನು ಹುಡುಕಿ, ಸಾಧ್ಯವಾದರೆ ಜೊತೆಯಲ್ಲೇ ಆರ್‌ಟಿಒಗೆ ಹೋಗಿ. ಸಿಗದಿದ್ದರೆ ಡೆಲಿವರಿ ನೋಟ್, ಅವರ ಗುರುತಿನ ಚೀಟಿಯ ಪ್ರತಿ, ದುಡ್ಡು ಬಂದ ಬ್ಯಾಂಕ್ ದಾಖಲೆ ಇಟ್ಟು ಆರ್‌ಟಿಒಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಸಂಚಾರ ಪೊಲೀಸರಿಗೂ ಅದೇ ಪ್ರತಿಗಳನ್ನು ಕೊಡಿ. ನೋಟಿಸ್‌ನಲ್ಲಿರುವ ಫೋಟೋದಲ್ಲಿ ಗಾಡಿ ಓಡಿಸುತ್ತಿರುವವರ ಮುಖ ಕಂಡರೆ ಅದೂ ಸಾಕ್ಷಿ. ಇದರಿಂದ ನಿಮ್ಮ ಹೊಣೆ ಪೂರ್ತಿ ಕಳೆಯುತ್ತದೆ ಎಂದು ಹೇಳಲಾರೆ. ಹೆಸರು ಬದಲಾಗುವುದೇ ಕೊನೆಯ ಪರಿಹಾರ.

ಮುಂದೆ ಗಾಡಿ ಮಾರುವವರಿಗೆ ಒಂದು ಮಾತು: ಕೊನೆಯ ಕಂತು ಐದು ಸಾವಿರವನ್ನಾದರೂ ಆರ್‌ಸಿ ಬದಲಾಗುವವರೆಗೆ ಬಾಕಿ ಇಡುವುದು ಕೊಂಡವರ ಉಪಾಯ. ಮಾರುವವರ ಕೈಲೂ ಅಂಥದ್ದೊಂದು ಇದೆ, ಅದು ಗಾಡಿಯ ಕೀಲಿ. ಆರ್‌ಟಿಒ ಅರ್ಜಿ ಹೋದ ಮೇಲೆಯೇ ಕೀಲಿ ಕೊಡಿ. ಡೆಲಿವರಿ ನೋಟ್‌ನಲ್ಲಿ ತಾರೀಕಿನ ಜೊತೆ ಗಂಟೆ, ನಿಮಿಷವೂ ಇರಲಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ಫಾರಂ 35 ಕೊಟ್ಟು ತೆಗೆಸಿ. ನಿಮ್ಮ ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿಯ ಜೊತೆ ಹೋಗುವುದಿಲ್ಲ, ಅದು ನಿಮ್ಮದು. ಕಂಪನಿಯಿಂದ ಪತ್ರ ಪಡೆದು ಹೊಸ ಗಾಡಿಗೆ ಬಳಸಿಕೊಳ್ಳಿ. ಡೀಲರ್‌ಗೆ ಮಾರುವುದಾದರೆ, 2023ರ ಏಪ್ರಿಲ್‌ನಿಂದ ಬಂದಿರುವ ನಿಯಮದಂತೆ ಅವರು ಆರ್‌ಟಿಒ ಅನುಮತಿ ಪಡೆದವರಾ ಎಂದು ಕೇಳಿ. ಅಂಥವರಿಗೆ ಗಾಡಿ ಒಪ್ಪಿಸಿದ್ದನ್ನು ಸರ್ಕಾರದ ಸಾರಿಗೆ ಪೋರ್ಟಲ್‌ನಲ್ಲಿ ದಾಖಲಿಸಿದರೆ, ಅಲ್ಲಿಂದ ಮುಂದಿನ ಜವಾಬ್ದಾರಿ ಅವರದ್ದಾಗುತ್ತದೆ.

ಪ್ರಶ್ನೆ: ಹಳೇ ಮೊಬೈಲ್ ಮಾರುವ ಮುಂಚೆ ಫೋಟೋಗಳನ್ನು ಡಿಲೀಟ್ ಮಾಡಿದರೆ ಸಾಕಾ?
(ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಸಾಲದಮ್ಮ. ಬೇಕಾದ್ದನ್ನು ಹೊಸ ಫೋನಿಗೆ ಸಾಗಿಸಿ, ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳಿಂದ ಹೊರಬಂದು, ಗೂಗಲ್ ಖಾತೆ ತೆಗೆದುಹಾಕಿ. ಐಫೋನ್ ಆದರೆ ಐಕ್ಲೌಡ್‌ನಿಂದ ಸೈನ್ ಔಟ್ ಆಗಿ. ಆಮೇಲೆ ಫ್ಯಾಕ್ಟರಿ ರೀಸೆಟ್. ಈ ಕ್ರಮ ತಪ್ಪಿಸಬೇಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಕೊಂಡವರು ಫೋನ್ ಆನ್ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಕೇಳಬಹುದು, ಆಗ ರಾತ್ರಿ ಹನ್ನೊಂದಕ್ಕೆ ನಿಮಗೆ ಫೋನ್ ಬರುತ್ತದೆ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯುವುದನ್ನು ಮರೆಯುವವರು ಈಗಲೂ ಇದ್ದಾರೆ. ಡಬ್ಬ, ಬಿಲ್ ಇದ್ದರೆ ಬೆಲೆ ಸ್ವಲ್ಪ ಜಾಸ್ತಿ ಸಿಗುತ್ತದೆ, ಕದ್ದ ಮಾಲಲ್ಲ ಎಂಬ ನಂಬಿಕೆ ಬರುತ್ತದೆ. ಕೊಳ್ಳುವವರು *#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ನೋಡಿ, ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಪರೀಕ್ಷಿಸುತ್ತೇನೆ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಅವರ ಜಾಣತನ.

ಪ್ರಶ್ನೆ: ಮನೆ ಖಾಲಿ ಮಾಡುತ್ತಿದ್ದೇನೆ. ಸ್ಟವ್ ಜೊತೆ ತುಂಬಿದ ಗ್ಯಾಸ್ ಸಿಲಿಂಡರನ್ನೂ ಮಾರಬಹುದಾ? ಎಲ್ಲ ಸೇರಿ ಒಂದು ಲಕ್ಷದ ಸಾಮಾನು ಮಾರಿದರೆ ತೆರಿಗೆ ಕಟ್ಟಬೇಕಾ?
(ಐಟಿ ಉದ್ಯೋಗಿ, ಬೆಂಗಳೂರು)

ಉತ್ತರ: ಸ್ಟವ್ ಮಾರಿ, ಸಿಲಿಂಡರ್ ಬೇಡ. ಅದು ಗ್ಯಾಸ್ ಕಂಪನಿಯ ಸ್ವತ್ತು, ನೀವು ಕಟ್ಟಿರುವುದು ಠೇವಣಿ. ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿದರೆ ಠೇವಣಿ ವಾಪಸ್ ಕೊಡುತ್ತಾರೆ. ಬೇರೆ ಊರಿನಲ್ಲಿ ಕನೆಕ್ಷನ್ ಮುಂದುವರಿಸುವುದಾದರೆ ಅವರು ಕೊಡುವ ವೋಚರನ್ನು ಜೋಪಾನ ಮಾಡಿ.

ಮನೆಯಲ್ಲಿ ಬಳಸಿದ ಮಂಚ, ಟಿವಿ, ಫೋನು, ಸ್ವಂತ ಕಾರು ಮಾರಿದ್ದಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಒಡವೆ, ಪೇಂಟಿಂಗ್, ಪ್ರಾಚೀನ ವಸ್ತುಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಹಳೇ ಕಾರಿಗೆ 18% ಜಿಎಸ್‌ಟಿ ಎಂದು 2024ರ ಡಿಸೆಂಬರ್‌ನಲ್ಲಿ ಗದ್ದಲ ಎದ್ದಿತ್ತು. ಅದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳ ಲಾಭಾಂಶದ ಮೇಲೆ ಮಾತ್ರ, ಮನೆಯವರು ಮನೆಯವರಿಗೆ ಮಾರುವುದಕ್ಕಲ್ಲ. ಕಾರನ್ನೇ ಮಾರುವುದಾದರೆ, ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಮೊತ್ತವನ್ನು ನಗದಾಗಿ ತಗೋಬೇಡಿ. ಅಷ್ಟೇ ಮೊತ್ತದ ದಂಡ ಬೀಳಬಹುದು.

ಪ್ರಶ್ನೆ: ಹಗಲು ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಕೊಳ್ಳುವವರನ್ನು ಮನೆಗೆ ಕರೆಯಲು ಭಯ. ಸುಮ್ನೆ ಗುಜರಿಗೆ ಹಾಕಿಬಿಡಲಾ?
(ಗೃಹಿಣಿ, ದಾವಣಗೆರೆ)

ಉತ್ತರ: ಭಯ ಸರಿಯಾದದ್ದೇ. ಜಾಹೀರಾತಿನಲ್ಲಿ ಫೋನ್ ನಂಬರ್ ಕಾಣದಂತೆ ಇಡಿ, ಮಾತುಕತೆ ಚಾಟ್‌ನಲ್ಲೇ ನಡೆಯಲಿ. ಬಡಾವಣೆಯ ಹೆಸರು ಸಾಕು, ಮನೆ ನಂಬರ್ ಬೇಡ. ಫೋಟೋದಲ್ಲಿ ಬೀರು, ದೇವರ ಮನೆಯ ಬೆಳ್ಳಿ ಕಾಣದಿರಲಿ. ಮಿಕ್ಸಿ, ಸೈಕಲ್ ಥರದ್ದನ್ನು ಹತ್ತಿರದ ಅಂಗಡಿಯ ಮುಂದೆ ಕೊಡಬಹುದು. ಮಂಚ, ಬೀರು ಆದರೆ ಮನೆಯವರು ಇರುವ ಭಾನುವಾರ ಬರಲು ಹೇಳಿ, ವಸ್ತುವನ್ನು ಮೊದಲೇ ವರಾಂಡಕ್ಕೆ ತಂದಿಡಿ. ಒಳಗೆಲ್ಲ ನೋಡಬೇಕು ಎನ್ನುವವರಿಗೆ ಮಾರುವ ಅಗತ್ಯವಿಲ್ಲ.

ಗುಜರಿಗೆ ಹಾಕುವ ಮುಂಚೆ ಒಂದು ವಿಂಗಡಣೆ ಮಾಡಿ. ಮಕ್ಕಳ ಸೈಕಲ್, ತೊಟ್ಟಿಲು, ಓದುವ ಮೇಜು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಹೊಲಿಗೆ ಯಂತ್ರ ಇವಕ್ಕೆ ಕೇಳುವವರು ಇದ್ದೇ ಇದ್ದಾರೆ. ಗುಜರಿಯವರು ಇವನ್ನೂ ತೂಕಕ್ಕೇ ಹಾಕುತ್ತಾರೆ, ಅದು ಹೊಟ್ಟೆ ಉರಿಸುವ ಬೆಲೆ. ಟ್ರೆಡ್‌ಮಿಲ್‌ನಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಜಾಗ ಖಾಲಿಯಾದರೆ ಸಾಕು ಎನ್ನುವವರೇ ಅದನ್ನು ಮಾರಲು ಬರುವುದು, ಆ ಗುಟ್ಟು ಕೊಳ್ಳುವವರಿಗೂ ಗೊತ್ತು. ದಪ್ಪ ಬೆನ್ನಿನ ಹಳೇ ಟಿವಿಯನ್ನು ಯಾರೂ ಕೊಳ್ಳುವುದಿಲ್ಲ. ಅದರ ಗಾಜಿನಲ್ಲಿ ಸೀಸ ಇರುತ್ತದೆ, ಒಡೆಯಲು ಬಿಡಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಟ್ಟು, ರಸೀದಿ ಪಡೆಯಿರಿ.