2019ರ ಗೆರೆ

ನಾನು ಆಪ್ತಸಲಹೆಗಾರ್ತಿ. ಪ್ರಬಂಧ ಬರೆಯಲಾಗದೆ ನಿಂತುಹೋದ ಪ್ರಕರಣ ನನ್ನ ಹತ್ತಿರ ಬಂದದ್ದು ಇದು ಮೂರನೇ ಸಲ. ಮೂವರೂ ಪಿಎಚ್‌ಡಿ ಮಾಡುತ್ತಿದ್ದವರು. ಮೂವರಿಗೂ ಸುತ್ತಲಿನವರು ಹೇಳಿದ್ದು ಒಂದೇ ಮಾತು: "ಟೈಮ್ ಟೇಬಲ್ ಹಾಕ್ಕೊಂಡು ಕೂತು ಬರೆದುಬಿಡಿ." ಅದರಿಂದ ಯಾರಿಗೂ ಉಪಯೋಗ ಆಗಲಿಲ್ಲ. ಮೂರನೆಯವರ ಕಥೆ ಇದು; ಈಕೆಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಆಕೆಯ ವಿಷಯ ನಗರಗಳ ಪ್ರವಾಸೋದ್ಯಮ ಮತ್ತು ಉತ್ಸವ. 2019ರಲ್ಲಿ ಸೇರಿದ್ದರು. ಮರುವರ್ಷ ಕೊರೋನಾ ಬಂದು, ನೋಡಬೇಕಿದ್ದ ಉತ್ಸವವೇ ನಿಂತುಹೋಯಿತು. ವಿಷಯವನ್ನು 'ಚೇತರಿಕೆ' ಕಡೆಗೆ ತಿರುಗಿಸಿದರು. ಓಡಾಟ, ಸಂದರ್ಶನ ಎಲ್ಲ ಮುಗಿದಿತ್ತು. ಕೊನೆಯ ಅಧ್ಯಾಯ ಮಾತ್ರ 14 ತಿಂಗಳಿಂದ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ನಿದ್ದೆ ಇಲ್ಲ, ಪಿಎಚ್‌ಡಿ ಗೈಡ್ ಫೋನ್ ಬಂದರೆ ಎದೆ ಡವಡವ. ಸಾಯುವ ಯೋಚನೆ ಬರುತ್ತದೆಯಾ ಅಂತ ಮೊದಲ ದಿನವೇ ನೇರವಾಗಿ ಕೇಳಿದೆ. ಇಲ್ಲ ಅಂದರು. ಹೌದು ಅಂದಿದ್ದರೆ ಮನೋವೈದ್ಯರ ಹತ್ತಿರ ಕಳಿಸುವುದೇ ಮೊದಲ ಕೆಲಸ ಆಗುತ್ತಿತ್ತು.

ನಾಲ್ಕನೇ ಭೇಟಿಗೆ ಒಂದು ಗ್ರಾಫ್ ತಂದಿದ್ದರು. ಮೇಜಿನ ಮೇಲೆ ಹರಡಿ, ಬೆರಳಿಟ್ಟು ವಿವರಿಸಿದರು. 2019ರಲ್ಲಿ ದೇಶದಿಂದ ದೇಶಕ್ಕೆ ಹೋದ ಪ್ರವಾಸಿಗಳ ಲೆಕ್ಕ ಸುಮಾರು 146 ಕೋಟಿ. 2020ರಲ್ಲಿ ಅದು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯಿತು. 2024ರ ಹೊತ್ತಿಗೆ ಬಹುತೇಕ ಹಳೆಯ ಮಟ್ಟ. ಜರ್ಮನಿಯ ಮ್ಯೂನಿಕ್‌ನ ದೊಡ್ಡ ಬಿಯರ್ ಉತ್ಸವ ಆಕ್ಟೋಬರ್‌ಫೆಸ್ಟ್ 2020, 2021ರಲ್ಲಿ ನಡೆಯಲೇ ಇಲ್ಲ. 2019ರಲ್ಲಿ 63 ಲಕ್ಷ ಜನ ಬಂದಿದ್ದರು. 2022ರಲ್ಲಿ 57 ಲಕ್ಷ, 2023ರಲ್ಲಿ 72 ಲಕ್ಷ. ಗ್ರಾಫಿನಲ್ಲಿ 2019ರ ಮಟ್ಟಕ್ಕೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದಿದ್ದರು.

"ಈ ಗೆರೆ ಮುಟ್ಟಿದರೆ ಚೇತರಿಕೆ."

"ಮುಟ್ಟಿದೆ ಅಲ್ವಾ? ಹಾಗಾದರೆ ಬರೆಯೋಕೆ ಏನು ಅಡ್ಡಿ?" ಅಂದೆ.

ತುಂಬ ಹೊತ್ತು ಮಾತಿಲ್ಲ. ಬೆರಳು ಗೆರೆಯ ಮೇಲೇ ಇತ್ತು. ಆಮೇಲೆ, "ಇದರಲ್ಲಿ ಆ ಸೌಂಡ್‌ನವರು ಎಲ್ಲೂ ಇಲ್ಲ ಮೇಡಂ" ಅಂದರು.

ಉತ್ಸವಕ್ಕೆ ಮೈಕು, ಸ್ಪೀಕರ್ ಹಾಕುತ್ತಿದ್ದ ಒಬ್ಬರನ್ನು 2021ರಲ್ಲಿ ಫೋನಿನಲ್ಲಿ ಮಾತಾಡಿಸಿದ್ದರಂತೆ. ಸಾಲ ತೀರಿಸಲು ಅವರು ಸಾಮಾನೆಲ್ಲ ಮಾರಿಬಿಟ್ಟಿದ್ದರು. ಮಾತು ಮುಗಿಯುವಾಗ, "ನಮ್ಮ ವಿಷಯಾನೂ ಬರೀತೀರಾ?" ಅಂತ ಕೇಳಿದ್ದರು. ಈಕೆ ಹೂಂ ಅಂದಿದ್ದರು. ಉತ್ಸವ ಮತ್ತೆ ಶುರುವಾದಾಗ ಹೋಗಿ ನೋಡಿದರೆ, ವೇದಿಕೆ ಅದೇ, ಸೌಂಡ್ ಬೇರೆಯವರದ್ದು.

"ಎಲ್ಲ ಸರಿಹೋಯಿತು ಅಂತ ನಾನು ಹೇಗೆ ಬರೀಲಿ?"

ಗಂಟು ಇದ್ದದ್ದು ಇಲ್ಲಿ. ಆಕೆ 14 ತಿಂಗಳು ತನ್ನನ್ನು ತಾನೇ ಸೋಮಾರಿ ಅಂತ ಬೈದುಕೊಂಡಿದ್ದರು. ತಾನೇ ನಂಬದ ಮಾತನ್ನು ಬರೆಯಲು ಕೈ ಏಳುತ್ತಿರಲಿಲ್ಲ, ಅಷ್ಟೇ.

ಕೊನೆಯ ಅಧ್ಯಾಯವನ್ನು ಸದ್ಯಕ್ಕೆ ಬದಿಗಿಡಿ ಅಂದೆ. ದಿನಕ್ಕೆ ಅರ್ಧ ಗಂಟೆ ಆ ಸಂದರ್ಶನದ ಬಗ್ಗೆ ಮಾತ್ರ ಬರೆಯಿರಿ. ಆಮೇಲೆ ಗೈಡ್‌ಗೆ ಒಂದು ಪುಟದ ಪತ್ರ: ನೋಡಲು ಬರುವವರು ವಾಪಸ್ ಬಂದದ್ದು ಬೇರೆ, ಉತ್ಸವ ಕಟ್ಟುವವರು ವಾಪಸ್ ಬಂದದ್ದು ಬೇರೆ, ಎರಡನ್ನೂ ಬೇರೆಬೇರೆಯಾಗಿ ನೋಡುತ್ತೇನೆ ಅಂತ. ಮಾಹಿತಿ ಸೇರಿಸುವುದಕ್ಕೆ ಒಂದು ಕೊನೆಯ ತಾರೀಕನ್ನೂ ಹಾಕಿಕೊಳ್ಳಿ ಅಂದೆ. ನಗರ ಪ್ರತಿ ವರ್ಷ ಬದಲಾಗುತ್ತದೆ, ಅದರ ಹಿಂದೆ ಓಡಿದರೆ ಪ್ರಬಂಧ ಮುಗಿಯುವುದೇ ಇಲ್ಲ.

ಪ್ರಬಂಧದೊಳಗೆ ಕೈಹಾಕುವುದು ಆಪ್ತಸಲಹೆಗಾರರ ಕೆಲಸವಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಸುಮ್ನೆ ಮೂರು ತಿಂಗಳು ರಜಾ ತಗೊಳ್ಳಿ ಅನ್ನಬಹುದಿತ್ತಲ್ಲ ಅಂದರು. ದಣಿದವರಿಗೆ ನಾನೂ ರಜಾನೇ ಹೇಳುತ್ತೇನೆ. ಈಕೆ 14 ತಿಂಗಳು ಏನೂ ಬರೆದಿರಲಿಲ್ಲ, ಆದರೂ ಒಂದು ದಿನದ ವಿಶ್ರಾಂತಿ ಸಿಕ್ಕಿರಲಿಲ್ಲ. ರಜಾ ಹಾಕಿದ್ದರೆ ಕೊಟ್ಟ ಮಾತಿನ ಭಾರವೂ ಜೊತೆಗೇ ಹೋಗುತ್ತಿತ್ತು. ನೋವು ಪ್ರಬಂಧದೊಳಗೇ ಕೂತಿದ್ದರೆ ನಾವೂ ಅಲ್ಲಿಗೇ ಹೋಗಬೇಕು. ಗೈಡ್‌ಗಳಲ್ಲಿ, ಮನೆಯವರಲ್ಲಿ ನನ್ನ ಬೇಡಿಕೆ ಇಷ್ಟೇ. "ಎಷ್ಟು ಪುಟ ಆಯಿತು?" ಅಂತ ಕೇಳುವ ಮೊದಲು "ಯಾವ ಸಾಲು ಬರೆಯೋಕೆ ಆಗ್ತಿಲ್ಲ?" ಅಂತ ಒಮ್ಮೆ ಕೇಳಿ.

ಗೈಡ್ ಒಪ್ಪಿದರು. ಪ್ರಬಂಧ ಇನ್ನೂ ಸಲ್ಲಿಕೆಯಾಗಿಲ್ಲ. ಹೋದ ವಾರ ಆಕೆ ಆ ಸೌಂಡ್‌ನವರಿಗೆ ಫೋನ್ ಮಾಡಿ, ಅವರ ಬಗ್ಗೆ ಬರೆದ 11 ಪುಟಗಳನ್ನು ಓದಿ ಹೇಳಿದರಂತೆ. ಒಂದು ಕಡೆ ಸ್ಪೀಕರ್‌ಗಳ ಸಂಖ್ಯೆ ತಪ್ಪಾಗಿತ್ತು, ಅವರೇ ತಿದ್ದಿಸಿದರಂತೆ.