ಸಾಫ್ಟ್‌ವೇರ್ ಎಚ್ಚರಿಸುವಾಗ ಸದ್ದು ಮಾಡಬೇಕೋ, ಪರದೆಯ ಮೇಲೆ ತೋರಿಸಿದರೆ ಸಾಕೋ?

ಬಳಸುವವರ ಕಣ್ಣು ಪರದೆಯ ಮೇಲಿದ್ದರೆ ತೋರಿಸಿದರೆ ಸಾಕು. ಕಣ್ಣು ಬೇರೆ ಕಡೆ ಇದ್ದು, ವಿಷಯ ಆಮೇಲೆ ತಿಳಿದರೆ ಆಗದು ಅನ್ನುವಂಥದ್ದಾದರೆ ಸದ್ದು ಬೇಕು. ಆಗಲೂ ಜೊತೆಗೆ ಬರಹ ಇರಲೇಬೇಕು.

ಕಾರಣ ಇಷ್ಟೇ: ಕಣ್ಣು ತಿರುಗಿದ ಕಡೆಯದನ್ನಷ್ಟೇ ನೋಡುತ್ತದೆ, ಕಿವಿ ಎಲ್ಲ ದಿಕ್ಕಿಗೂ ತೆರೆದೇ ಇರುತ್ತದೆ. ಆದರೆ ಸದ್ದು ಅಲ್ಲೇ ಕರಗಿಹೋಗುತ್ತದೆ, ಬರಹ ಉಳಿಯುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವುದಾದರೂ ಖಾನಾವಳಿಗೆ ಹೋಗಿ ನೋಡಿ. ಜೋಳದ ರೊಟ್ಟಿ ಬಡಿಯುವ ಅಕ್ಕನ ಎರಡೂ ಕೈ ಹಿಟ್ಟು, ಕಣ್ಣು ಹಂಚಿನ ಮೇಲೆ. ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕಳಿಸಿದ ಮೇಲೆ, ಬಂದ ಹಣವನ್ನು ಕೂಗಿ ಹೇಳುವ ಡಬ್ಬಿ "ಎಂಬತ್ತು ರೂಪಾಯಿ" ಅನ್ನುತ್ತದೆ. ಆಕೆ ತಲೆ ಎತ್ತದೆ "ಆಯ್ತ್ರಿ" ಅಂತಾಳೆ. ಬರೀ 'ಟಿಣ್' ಅಂದಿದ್ದರೆ ಎಷ್ಟು ಬಂತೆಂದು ಕೈ ಒರೆಸಿಕೊಂಡು ಫೋನ್ ನೋಡಬೇಕಿತ್ತು. ಊಟದ ಹೊತ್ತಿನ ಗದ್ದಲದಲ್ಲಿ ಕೇಳಿಸದೆ ಹೋದರೆ ಫೋನಿನಲ್ಲಿ ಲೆಕ್ಕ ಇದ್ದೇ ಇರುತ್ತದೆ.

ಸಣ್ಣಪುಟ್ಟದ್ದಕ್ಕೆಲ್ಲ ಸದ್ದು ಮಾಡುವುದು ದೊಡ್ಡ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಅದೇ ಸದ್ದು ಪದೇ ಪದೇ ಬಂದರೆ ಮನಸ್ಸು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐಸಿಯುಗಳಲ್ಲಿ ಇದು ವೈದ್ಯರೇ ಗುರುತಿಸಿರುವ ಅಪಾಯ.

ಕಿವಿ ಕೇಳದವರಿಗೆ ಕಂಪನ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳಬಲ್ಲ ಬರಹ ಬೇಕು. ಬಣ್ಣವನ್ನಷ್ಟೇ ನಂಬಬೇಡಿ, ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದವರಿದ್ದಾರೆ. ಮಿನುಗಿಸುವುದಾದರೆ ಸೆಕೆಂಡಿಗೆ 3 ಸಲ ದಾಟಿಸಬೇಡಿ, ಕೆಲವರಿಗೆ ಅದರಿಂದ ಫಿಟ್ಸ್ ಬರಬಹುದು.